ಕಿರುಬೆರಳ ಕಡೆಯ ನೆನಪು

ಹಲ್ಲಿಯ ಬಾಲ ಕಳಚಿಬಿದ್ದು ಮತ್ತೆ ಬೆಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಹೊಸ ಬಾಲದೊಳಗೆ ಮೊದಲಿನ ಕಶೇರುಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆಯಷ್ಟೇ ಇರುತ್ತದೆ. ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳಲ್ಲಿ ಬದುಕುವ ಆಕ್ಸೊಲಾಟ್ಲ್ ಎಂಬ ಸಾಲಮ್ಯಾಂಡರ್ ಹಾಗಲ್ಲ. ಕೈ ತುಂಡಾದರೆ ಅದಕ್ಕೆ ಮೂಳೆ, ಸ್ನಾಯು, ನರ, ಚರ್ಮ ಎಲ್ಲವೂ ಕೂಡಿದ ಕೈಯೇ ಬರುತ್ತದೆ. ಸಾಲಮ್ಯಾಂಡರ್‌ಗಳ ಈ ಶಕ್ತಿಯನ್ನು ಇಟಲಿಯ ಲಾಜರೊ ಸ್ಪಲ್ಲಾಂಜಾನಿ 1768ರಲ್ಲೇ ವರದಿ ಮಾಡಿದ್ದರು.

ಬೆಳೆಯುವುದಕ್ಕಿಂತ ದೊಡ್ಡ ಸೋಜಿಗವೆಂದರೆ ಅದು ಬೇಕಾದಷ್ಟೇ ಬೆಳೆಯುವುದು. ಮಣಿಕಟ್ಟಿನಲ್ಲಿ ಕತ್ತರಿಸಿದರೆ ಅಂಗೈ ಮತ್ತು ಬೆರಳುಗಳು ಮಾತ್ರ, ಭುಜದ ಬಳಿ ಕತ್ತರಿಸಿದರೆ ಇಡೀ ತೋಳು. ಗಾಯ ಮುಚ್ಚಿದ ಮೇಲೆ ತುದಿಯಲ್ಲಿ ಗುಂಪುಗೂಡುವ ಜೀವಕೋಶಗಳಿಗೆ ಬ್ಲಾಸ್ಟಿಮಾ ಎನ್ನುತ್ತಾರೆ. ನೋಡಲು ಎಲ್ಲವೂ ಒಂದೇ ತರಹ. ಆದರೂ ತಾವು ಎಲ್ಲಿಂದ ಬಂದವರೆಂದು ಅವುಗಳಲ್ಲಿ ಹಲವಕ್ಕೆ ಗೊತ್ತು. ಎಲ್ಲಕ್ಕೂ ಅಲ್ಲ: ಮೃದ್ವಸ್ಥಿಯಿಂದ ಬಂದ ಕೋಶಗಳಿಗೆ ಜಾಗದ ನೆನಪಿದೆ, ನರಗಳನ್ನು ಸುತ್ತುವ ಶ್ವಾನ್ ಕೋಶಗಳಿಗಿಲ್ಲ ಎಂದು ಎಲಿ ತನಾಕಾ ಅವರ ತಂಡ 2009ರಲ್ಲಿ ತೋರಿಸಿತು.

ಈ ನೆನಪನ್ನು ಕೆಡಿಸಬಹುದೆಂಬ ಸುಳಿವು ಸಿಕ್ಕಿದ್ದರಲ್ಲಿ ಭಾರತೀಯರ ಪಾಲು ದೊಡ್ಡದು, ಅದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ. ವಿಟಮಿನ್ ಎ ಹೆಚ್ಚಾದರೆ ಗೊದಮೊಟ್ಟೆಗಳ ಕಾಲು ವಿಚಿತ್ರವಾಗಿ ಮರುಬೆಳೆಯುತ್ತದೆಂದು 1978ರಲ್ಲಿ ಪ್ರಕಟಿಸಿದವರು ನಿಯಾಜಿ ಮತ್ತು ಸಕ್ಸೇನಾ. 1982ರಲ್ಲಿ ಮಾಲ್ಕಮ್ ಮೇಡನ್ ಇದನ್ನು ಆಕ್ಸೊಲಾಟ್ಲ್‌ನಲ್ಲಿ ನೋಡಿದಾಗ ಮಣಿಕಟ್ಟಿನಿಂದಲೇ ಇಡೀ ತೋಳು ಹೊರಟಿತ್ತು. 1992ರಲ್ಲಂತೂ ಒಡಿಶಾದ ಪ್ರಿಯಂವದಾ ಮೊಹಾಂತಿ ಹೆಜ್ಮಾಡಿ ಮತ್ತು ಸಂಗಡಿಗರು, ಗೊದಮೊಟ್ಟೆಯ ಬಾಲ ಕತ್ತರಿಸಿದ ಜಾಗದಲ್ಲಿ ಕಾಲುಗಳು ಮೂಡಿದ್ದನ್ನು ವರದಿ ಮಾಡಿದರು! ವಿಟಮಿನ್ ಎಯಿಂದ ಹುಟ್ಟುವ ರೆಟಿನೊಯಿಕ್ ಆಮ್ಲ ಕೋಶಗಳಿಗೆ 'ನೀವು ಭುಜದ ಹತ್ತಿರ ಇದ್ದೀರಿ' ಎಂದು ಹೇಳುತ್ತದೆ. ಕೈತುದಿಯ ಕಡೆ ಸಿವೈಪಿ26ಬಿ1 ಎಂಬ ಕಿಣ್ವ ಅದನ್ನು ಒಡೆದುಹಾಕುತ್ತಿರುತ್ತದೆ ಎಂಬುದು 2025ರಲ್ಲಿ ಸ್ಪಷ್ಟವಾಯಿತು.

ಇದು ಉದ್ದದ ಲೆಕ್ಕ. ಹೆಬ್ಬೆರಳ ಕಡೆ ಯಾವುದು, ಕಿರುಬೆರಳ ಕಡೆ ಯಾವುದು ಎಂಬ ಅಗಲದ ಲೆಕ್ಕಕ್ಕೆ ಉತ್ತರ ಬಂದದ್ದೂ ಅದೇ ವರ್ಷ, ವಿಯೆನ್ನಾದಲ್ಲಿರುವ ತನಾಕಾ ಅವರ ಪ್ರಯೋಗಾಲಯದಿಂದಲೇ. ಕಿರುಬೆರಳ ಕಡೆಯ ಕೋಶಗಳಲ್ಲಿ ಹ್ಯಾಂಡ್2 ಎಂಬ ಜೀನ್, ಕೈ ಬೆಳೆದು ಮುಗಿದ ಮೇಲೂ ಬೂದಿ ಮುಚ್ಚಿದ ಕೆಂಡದಂತೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಕೈ ತುಂಡಾದೊಡನೆ ಅದು ಪ್ರಬಲವಾಗಿ, ಸಾನಿಕ್ ಹೆಜ್‌ಹಾಗ್ ಎಂಬ ಸಂಕೇತವನ್ನು ಹೊರಡಿಸುತ್ತದೆ. ಎದುರು ಬದಿಯ ಕೋಶಗಳು ಎಫ್‌ಜಿಎಫ್8 ಎಂಬ ಇನ್ನೊಂದು ಸಂಕೇತವನ್ನು ಹೊರಡಿಸುತ್ತವೆ. ಎರಡೂ ಒಂದನ್ನೊಂದು ಹುರಿದುಂಬಿಸುತ್ತಾ ಕೈಯನ್ನು ಬೆಳೆಸುತ್ತವೆ. ಕೆಲಸ ಮುಗಿದ ಮೇಲೆ ಸಾನಿಕ್ ಹೆಜ್‌ಹಾಗ್ ನಿಲ್ಲುತ್ತದೆ, ಹ್ಯಾಂಡ್2 ಉಳಿಯುತ್ತದೆ. ಮುಂದೆ ಮತ್ತೊಮ್ಮೆ ಕೈ ಹೋದರೂ ನೆನಪು ಸಿದ್ಧವಾಗಿರುತ್ತದೆ.

ಭ್ರೂಣದಲ್ಲಿ ಸಾನಿಕ್ ಹೆಜ್‌ಹಾಗ್ ಹೊರಡಿಸಿದ್ದ ಕೋಶಗಳನ್ನೇ ತೆಗೆದುಹಾಕಿದರೂ ಕೈ ಸರಿಯಾಗಿಯೇ ಬೆಳೆಯಿತು. ಅಂದರೆ ನೆನಪು ಬೆರಳೆಣಿಕೆಯ ಹಳೆಯ ಕೋಶಗಳ ಸ್ವತ್ತಲ್ಲ, ಆ ಬದಿಯಲ್ಲಿರುವ ಬಹಳಷ್ಟು ಕೋಶಗಳದ್ದು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆಯದು. ಹೆಬ್ಬೆರಳ ಕಡೆಯ ಕೋಶಗಳಿಗೆ ಮರುಬೆಳವಣಿಗೆಯ ವೇಳೆ ಸಾನಿಕ್ ಹೆಜ್‌ಹಾಗ್ ತಾಗಿಸಿದರೆ ಅವುಗಳಲ್ಲೂ ಹ್ಯಾಂಡ್2 ಹೊತ್ತಿಕೊಂಡು, ಅವು ಶಾಶ್ವತವಾಗಿ ಕಿರುಬೆರಳ ಕಡೆಯವಾಗಿಬಿಡುತ್ತವೆ. ತಿರುಗುಮುರುಗು ಮಾಡುವುದು ಅಷ್ಟು ಸುಲಭವಲ್ಲ. ನೆನಪನ್ನು ತಿದ್ದಬಹುದು, ಆದರೆ ಒಂದು ದಿಕ್ಕಿನಲ್ಲಿ ಮಾತ್ರ ಸಲೀಸಾಗಿ.

ಮನುಷ್ಯರ ಕೈ ಮರಳಿ ಬೆಳೆಸುವ ಕನಸಿಗೆ ಕೋಶಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು, ಅವಕ್ಕೆ ತಮ್ಮ ಜಾಗ ತಿಳಿದಿರಬೇಕು. ಹ್ಯಾಂಡ್2, ಸಾನಿಕ್ ಹೆಜ್‌ಹಾಗ್ ಎರಡೂ ನಮ್ಮಲ್ಲಿವೆ. ಗರ್ಭದಲ್ಲಿ ನಮ್ಮ ಕೈಗಳನ್ನು ರೂಪಿಸಿದ್ದರಲ್ಲಿ ಅವುಗಳ ಪಾತ್ರವಿದೆ. ವಯಸ್ಕರ ಚರ್ಮದಿಂದ ತೆಗೆದ ಫೈಬ್ರೊಬ್ಲಾಸ್ಟ್ ಕೋಶಗಳು ಕೂಡ, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಮೇಲೂ, ದೇಹದ ಯಾವ ಭಾಗದವೆಂಬ ಗುರುತನ್ನು ತಮ್ಮ ಹಾಕ್ಸ್ ಎಂಬ ಜೀನ್‌ಗಳ ಚಟುವಟಿಕೆಯಲ್ಲಿ ಉಳಿಸಿಕೊಂಡಿರುತ್ತವೆ.