ತೋಟದ ಹೊಂಡದ ಮೀನು: ಬೆಳಗಿನ ಜಾವ ನೀರು ನೋಡಿ

ಕಮಲಾಪುರವೆಂದರೆ ಕೆಂಪು ಬಾಳೆ. ಈ ಭಾಗದ ತೋಟಗಳಲ್ಲಿ ನೀರಿಗಾಗಿ ತೋಡಿಸಿದ ಹೊಂಡಗಳನ್ನು ಕಾಣಬಹುದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿಯೂ ಹೊಂಡಗಳಾದವು. ನಿಂತ ನೀರಿನಲ್ಲಿ ನಾಲ್ಕು ಮೀನು ಬಿಟ್ಟರೆ ಮನೆಗೂ ಆಯಿತು, ಸಂತೆಗೂ ಆಯಿತು. ಆದರೆ ಬಿಟ್ಟರೆ ಸಾಲದು, ನೋಡಿಕೊಳ್ಳಬೇಕು.

ಒಂದು ಏಪ್ರಿಲ್ ಮುಂಜಾನೆ ರೈತರೊಬ್ಬರು ಬಂದು, “ಸಾಹೇಬ್ರ, ಯಾರೋ ಹೊಂಡದಾಗ ಎಣ್ಣಿ ಹಾಕ್ಯಾರ್ರಿ, ಮೀನೆಲ್ಲ ಸತ್ತಾವ” ಎಂದರು. ಪಕ್ಕದ ಹೊಲದವರ ಮೇಲೆ ಅವರಿಗೆ ಸಂಶಯ. ಹೋಗಿ ನೋಡಿದೆ. ಬಾಳೆಗೆ ಹಾಯಿಸಿ ನೀರು ಅರ್ಧಕ್ಕಿಳಿದಿತ್ತು, ಕಡುಹಸಿರಾಗಿತ್ತು. ದೊಡ್ಡ ಮೀನುಗಳು ಸತ್ತು ತೇಲಿದ್ದವು. ಸಣ್ಣವು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ವಿಷವಾದರೆ ಸಾಮಾನ್ಯವಾಗಿ ಸಣ್ಣವೇ ಮೊದಲು ಸಾಯುತ್ತವೆ. ಇದು ಉಸಿರು ಕಟ್ಟಿದ ಸಾವು. ಸಗಣಿ ಹಾಕಿರೆಂದು ಹೇಳಿದವನು ನಾನೇ, ಎಷ್ಟೆಂದು ಹೇಳಿರಲಿಲ್ಲ. ಅವರು ಒಂದು ಬಂಡಿ ಹಾಕಿದ್ದರು.

ಕಾರಣವೇನು?

ನೀರಿನ ಹಸಿರು ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ. ರಾತ್ರಿ ಪಾಚಿ, ಮೀನು, ಕೊಳೆಯುವ ಸಗಣಿ ಎಲ್ಲವೂ ಅದನ್ನೇ ಬಳಸುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ತೀರ ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನಿಗೆ ಹಿತ. 2ಕ್ಕಿಂತ ಕೆಳಗಿಳಿದರೆ ಅಪಾಯ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಎಚ್ಚರ ಹೆಚ್ಚು ಬೇಕು.

ಅಳತೆ ಮೀರಬೇಡಿ

40 ಅಡಿ ಉದ್ದ, 40 ಅಡಿ ಅಗಲದ ಹೊಂಡಕ್ಕೆ 75 ಬೆರಳುದ್ದದ ಮರಿ ಸಾಕು: ಕಾಟ್ಲಾ 30, ರೋಹು 23, ಮೃಗಾಲ್ 22. ನೀರು 5 ಅಡಿಗೆ ಕಡಿಮೆಯಾಗದಿರಲಿ. ಮಳೆಗಾಲದಲ್ಲಿ ಮರಿ ಬಿಟ್ಟು, ಬಾಳೆಗೆ ನೀರಿನ ಅಗತ್ಯ ಹೆಚ್ಚುವ ಮುನ್ನ, ಮಾರ್ಚ್ ವೇಳೆಗೆ ದೊಡ್ಡ ಮೀನು ಹಿಡಿಯಿರಿ. ಆಗ ನೀರಿಗಾಗಿ ಬಾಳೆಗೂ ಮೀನಿಗೂ ಜಗಳವಿಲ್ಲ.

ಸಗಣಿಯನ್ನು ಒಮ್ಮೆಗೇ ಸುರಿಯದೆ, ವಾರಕ್ಕೆ ಮೂರು ಕಿಲೋದಂತೆ ಕರಗಿಸಿ ಹಾಕಿ. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾದರೆ ನೀರು ಹದ. ಮಣಿಕಟ್ಟು ಮುಳುಗುವಷ್ಟರಲ್ಲಿ ಅಂಗೈ ಕಾಣದಾದರೆ ಸಗಣಿ ನಿಲ್ಲಿಸಿ. ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಪ್ರಮಾಣದಲ್ಲಿ ಕಲಸಿ, ಮೀನಿನ ತೂಕದ ನೂರಕ್ಕೆ 2ರಿಂದ 3 ಪಾಲು ಕೊಡಿ. ಉಳಿದರೆ ಮರುದಿನ ಕಡಿಮೆ ಮಾಡಿ. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಕ್ಷಾರಗುಣದ್ದು. ನೀರು ಪರೀಕ್ಷಿಸದೆ ಸುಣ್ಣ ಹಾಕಬೇಡಿ.

ತೊಗರಿಯ ಕಾಯಿಕೊರಕಕ್ಕೆ ಔಷಧ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆಯಲೇಬಾರದು. ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಅತ್ಯಲ್ಪವಿದ್ದರೂ ಮೀನನ್ನು ಕೊಲ್ಲುತ್ತವೆ.

ಮೀನು ಬಾಯಿ ತೆರೆದರೆ

ಮುಂಜಾನೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಹಾರ, ಸಗಣಿ ತಕ್ಷಣ ನಿಲ್ಲಿಸಿ. ಬಾವಿಯ ನೀರನ್ನು ಎತ್ತರದಿಂದ ಕಲ್ಲಿನ ಮೇಲೆ ಚಿಮ್ಮಿಸಿ ಬಿಡಿ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ನೇರವಾಗಿ ಬಿಡಬೇಡಿ. ತಳದ ಕೊಳೆನೀರನ್ನು ಬಾಳೆಗೆ ಹಾಯಿಸಿರಿ; ಗೊಬ್ಬರವೂ ಆಯಿತು.

ಕಲಬುರಗಿ ನಗರದಲ್ಲಿ ಅಂಗಳದ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರಿಗೂ ಮಾತು ಇದೇ: ಮೀನು ಕಡಿಮೆ, ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಕ್ಲೋರಿನ್ ಇರುವ ನಳದ ನೀರನ್ನು ಒಂದು ದಿನ ತೆರೆದಿಟ್ಟು ಹಾಕಬೇಕು.

ಆ ರೈತರು ಮರುವರ್ಷ 75 ಮರಿಗಳನ್ನಷ್ಟೇ ಬಿಟ್ಟರು. ಪಕ್ಕದ ಹೊಲದವರೊಡನೆ ಮಾತೂ ಉಳಿಯಿತು. ಸಂಶಯವಿದ್ದವರು ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ರೈತ ಸಂಪರ್ಕ ಕೇಂದ್ರವನ್ನಾಗಲಿ ವಿಚಾರಿಸಬಹುದು. ಅದಕ್ಕೂ ಮೊದಲು, ನಾಳೆ ಸೂರ್ಯ ಹುಟ್ಟುವ ಮುಂಚೆ ಒಮ್ಮೆ ಹೊಂಡದ ದಂಡೆಗೆ ಹೋಗಿ ನಿಲ್ಲಿರಿ.