ಬರುತ್ತೇನೆಂದವನು ಬಾರದ ಆ ನಲವತ್ತು ವರ್ಷ

ಮಂತ್ರಾಲಯದ ರಾಯರು ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಏಳುನೂರು ವರ್ಷ ಅಲ್ಲೇ ಇದ್ದು ಭಕ್ತರನ್ನು ಕಾಯುತ್ತಾರೆ ಎಂಬುದು ನಂಬಿಕೆ. ಲೆಕ್ಕ ಹಾಕಿದರೆ 2371. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯ ತಮ್ಮ ಮನೆಯ ಕಂಬದಲ್ಲೇ ಸನ್ನಿಹಿತರಾಗಿದ್ದಾರೆ ಎಂದು ಊರು ನಂಬುತ್ತದೆ, ಅದಕ್ಕೆ ಗಡುವಿಲ್ಲ. ದೇವದುರ್ಗ ಸೀಮೆ ದಾಟಿ ಕೃಷ್ಣೆಯ ಆಚೆ ದಡ ಸೇರಿದರೆ ತಿಂಥಣಿ ಮೌನೇಶ್ವರ, ಇನ್ನೂ ಮುಂದೆ ಕೊಡೇಕಲ್ ಬಸವಣ್ಣ. ಇಬ್ಬರದೂ ಕಾಲಜ್ಞಾನದ ಪರಂಪರೆ. ಮುಂದೊಂದು ದಿನ ವೀರವಸಂತರಾಯ ಬರುತ್ತಾನೆ, ಹಾಳಾದದ್ದು ಮತ್ತೆ ನೆಲೆಗೊಳ್ಳುತ್ತದೆ ಎಂಬ ಮಾತನ್ನು ಈ ಕಡೆಯ ಹಿರಿಯರು ಕೇಳಿಯೇ ಬೆಳೆದವರು.

ಹೀಗೆ ಬರುವವರಿಗಾಗಿ ಕಾದು ಕೂತ ನೆಲ ಇದು. ಇಲ್ಲಿ ಇನ್ನೊಂದು ಸಮುದಾಯವೂ ಕಾಯುತ್ತಿದೆ. ಮುದಗಲ್ಲಿನ ಕಥೋಲಿಕರು ಆದಿಲ್‌ಶಾಹಿ ಕಾಲದಿಂದ ಇರುವವರು. ರಾಯಚೂರಿನಲ್ಲಿ ಮೆಥೋಡಿಸ್ಟರಿದ್ದಾರೆ, ಮಾನ್ವಿಯಲ್ಲಿ ಜೆಸ್ವಿಟ್ ಪಾದ್ರಿಗಳ ಲೊಯೋಲ ಶಾಲೆ ಇದೆ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಭಾನುವಾರ, ಸುತ್ತಲಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿರುವಾಗ, ಕಥೋಲಿಕರ ದೇವಾಲಯಗಳಲ್ಲಿ ಆಗಮನ ಕಾಲ ಶುರುವಾಗುತ್ತದೆ. ಹೊರಗಿನವರ ಕಣ್ಣಿಗೆ ಅದು ಕ್ರಿಸ್‌ಮಸ್ ತಯಾರಿ, ನಕ್ಷತ್ರ ಕಟ್ಟುವ ಸಂಭ್ರಮ. ಆದರೆ ಆ ಮೊದಲ ಭಾನುವಾರ ಓದುವ ಸುವಾರ್ತೆಯಲ್ಲಿ ಗೋದಲಿಯ ಸುದ್ದಿಯೇ ಇರುವುದಿಲ್ಲ. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ. ಮೂವರೂ ಹೇಳುವುದು ಲೋಕದ ಕೊನೆಯ ಮಾತನ್ನೇ: ಮನುಷ್ಯಕುಮಾರ, ಅಂದರೆ ಯೇಸು, ಮತ್ತೆ ಬರುತ್ತಾನೆ, ಎಚ್ಚರವಾಗಿರಿ. ಹಬ್ಬದ ಬಾಗಿಲಲ್ಲೇ ಇಂಥ ಓದು ಯಾಕೆ ಎಂದು ಚಿಕ್ಕ ಮಕ್ಕಳು ಕೇಳಿದರೆ ಉತ್ತರ ಹೇಳುವುದು ಕಷ್ಟ.

ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಮೊದಲ ತಲೆಮಾರಿನ ಕ್ರೈಸ್ತರು ಈ ಯುಗ ತಮ್ಮ ಕಣ್ಣೆದುರೇ ಮುಗಿಯುತ್ತದೆ ಎಂದು ನಂಬಿದ್ದರು. ಮಾರ್ಕನ 9ನೇ ಅಧ್ಯಾಯದ ಆರಂಭ ನೋಡಿ. ಇಲ್ಲಿ ನಿಂತಿರುವವರಲ್ಲಿ ಕೆಲವರು ಸಾಯುವ ಮೊದಲೇ ದೇವರ ರಾಜ್ಯ ಬಂದದ್ದನ್ನು ಕಾಣುತ್ತಾರೆ ಎನ್ನುತ್ತಾನೆ ಯೇಸು. 13ನೇ ಅಧ್ಯಾಯದಲ್ಲಿ, ಇದೆಲ್ಲ ಆಗುವ ತನಕ ಈ ಪೀಳಿಗೆ ಅಳಿಯದು ಎಂಬ ಮಾತಿದೆ. ಮತ್ತಾಯನಲ್ಲಿ ಇನ್ನೂ ಅವಸರ: ಶಿಷ್ಯರು ಇಸ್ರಾಯೇಲಿನ ಊರುಗಳನ್ನೆಲ್ಲ ಸುತ್ತಿ ಮುಗಿಸುವಷ್ಟರಲ್ಲೇ ಮನುಷ್ಯಕುಮಾರ ಬಂದಿರುತ್ತಾನೆ. ಇವನ್ನು ಸಾಂಕೇತಿಕವೆಂದು ಓದಿ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಮೊದಲು ಕೇಳಿದವರು ಹಾಗೆ ಕೇಳಿಸಿಕೊಂಡಿರಲಿಲ್ಲ.

ಅದಕ್ಕೆ ಸಾಕ್ಷಿ ಸುವಾರ್ತೆಗಳಿಗಿಂತ ಹಳೆಯ ಬರಹ, ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳು. ಕ್ರಿ.ಶ. 50ರ ಸುಮಾರಿಗೆ ಥೆಸಲೋನಿಕದ ಸಭೆಗೆ ಬರೆದ ಕಾಗದದಲ್ಲಿ ಒಂದು ಮನೆಮಾತಿನ ದುಃಖ ಕೇಳಿಸುತ್ತದೆ. ಯೇಸು ಇಷ್ಟರಲ್ಲೇ ಬರುತ್ತಾನೆ ಎಂದು ನಂಬಿ ದೀಕ್ಷೆ ಪಡೆದವರಲ್ಲಿ ಕೆಲವರು ತೀರಿಹೋಗಿದ್ದಾರೆ. ಉಳಿದವರಿಗೆ ಚಿಂತೆ: ಸತ್ತವರ ಗತಿ ಏನು, ಅವರಿಗೆ ಆ ದಿನ ತಪ್ಪಿಹೋಯಿತೇ? ಸತ್ತವರೇ ಮೊದಲು ಏಳುತ್ತಾರೆ, ಆಮೇಲೆ ಜೀವದಿಂದ ಉಳಿದ ನಾವು ಎಂದು ಪೌಲ ಧೈರ್ಯ ಹೇಳುತ್ತಾನೆ. ಆ ‘ನಾವು’ ಗಮನಿಸಬೇಕು. ಬದುಕಿರುವವರ ಸಾಲಿನಲ್ಲಿ ಪೌಲ ತನ್ನನ್ನೂ ಸೇರಿಸಿಕೊಂಡಿದ್ದಾನೆ. ಅದೇ ಊರಿಗೆ ಹೋದ ಎರಡನೇ ಪತ್ರದ ಹೊತ್ತಿಗೆ ಕೆಲವರು ದುಡಿಮೆ ಬಿಟ್ಟು ಸುಮ್ಮನೆ ಕೂತಿದ್ದರು. ದುಡಿಯದವನಿಗೆ ಊಟವೂ ಬೇಡ ಎಂದು ಆ ಪತ್ರ ಗದರುತ್ತದೆ. ಲೋಕವೇ ಮುಗಿಯುವುದಾದರೆ ಕಳೆ ಕೀಳುವುದು ಯಾಕೆ ಎಂದು ಕೇಳಿದವರು ಆಗಲೂ ಇದ್ದರು.

ಯೇಸುವನ್ನು ಶಿಲುಬೆಗೆ ಏರಿಸಿದ್ದು ಕ್ರಿ.ಶ. 30ರ ಆಸುಪಾಸು. 70ರಲ್ಲಿ ರೋಮಿನ ಸೇನಾಪತಿ ಟೈಟಸ್ ಯೆರೂಸಲೇಮಿಗೆ ಮುತ್ತಿಗೆ ಹಾಕಿ ದೇವಾಲಯವನ್ನು ಸುಟ್ಟು ಕೆಡವಿಸಿದ. ನಡುವಿನ ನಲವತ್ತು ವರ್ಷದಲ್ಲಿ ಯೇಸುವನ್ನು ಕಂಡವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದರು. ಆ ವಿನಾಶದ ಹೊತ್ತಿನಲ್ಲೇ ಮಾರ್ಕ ಬರೆದ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮತ್ತಾಯ, ಲೂಕ ಹತ್ತಿಪ್ಪತ್ತು ವರ್ಷ ಆಮೇಲಿನವರು.

ಈ ಕಾಲದ ಅಂತರವನ್ನು ಪಠ್ಯದಲ್ಲೇ ನೋಡಬಹುದು. ಮಾರ್ಕನ 13ನೇ ಅಧ್ಯಾಯವನ್ನೂ ಲೂಕನ 21ನೇ ಅಧ್ಯಾಯವನ್ನೂ ಎದುರುಬದುರು ಇಟ್ಟು ಓದಿ. ಹಾಳುಮಾಡುವ ಅಸಹ್ಯ ವಸ್ತು ನಿಲ್ಲಬಾರದ ಜಾಗದಲ್ಲಿ ನಿಂತದ್ದು ಕಂಡರೆ ಬೆಟ್ಟಗಳಿಗೆ ಓಡಿ ಎಂದು ಮಾರ್ಕನಲ್ಲಿ ಒಗಟಿನ ಮಾತು ಬರುತ್ತದೆ. ನಡುವೆ ಓದುಗನಿಗೆ, ಅರ್ಥ ಮಾಡಿಕೋ ಎಂಬ ಸನ್ನೆಯೂ ಇದೆ. ಆ ಒಗಟು ದಾನಿಯೇಲನ ಗ್ರಂಥದ್ದು. ಕ್ರಿ.ಪೂ. 167ರಲ್ಲಿ ಗ್ರೀಕ್ ರಾಜ ಆಂಟಿಯೋಕಸ್ ದೇವಾಲಯವನ್ನು ಮೈಲಿಗೆ ಮಾಡಿದ ನೆನಪು ಅದರಲ್ಲಿದೆ. ಕ್ರಿ.ಶ. 40ರಲ್ಲಿ ಚಕ್ರವರ್ತಿ ಕ್ಯಾಲಿಗುಲ ತನ್ನ ಪ್ರತಿಮೆಯನ್ನು ಅಲ್ಲೇ ನಿಲ್ಲಿಸಲು ಹೊರಟಾಗ ಆ ಭಯ ಮತ್ತೆ ಎದ್ದಿತ್ತು. ಮರುವರ್ಷ ಅವನ ಕೊಲೆಯಾಯಿತು, ಪ್ರತಿಮೆ ಅಲ್ಲಿ ಏಳಲೇ ಇಲ್ಲ. ಈಗ ಲೂಕನಿಗೆ ಬನ್ನಿ. ಅದೇ ಜಾಗದಲ್ಲಿ ಒಗಟಿಲ್ಲ, ಸನ್ನೆಯಿಲ್ಲ. ಯೆರೂಸಲೇಮನ್ನು ದಂಡು ಸುತ್ತುವರಿದದ್ದು ಕಂಡಾಗ ಅದರ ನಾಶ ಹತ್ತಿರವಾಯಿತೆಂದು ತಿಳಿಯಿರಿ ಎಂದು ಸೀದಾ ಇದೆ. ಆ ದಂಡು ಬಂದು ಹೋದದ್ದು ಲೂಕನಿಗೆ ಗೊತ್ತಿತ್ತು. ಅಷ್ಟೇ ಅಲ್ಲ, ಪಟ್ಟಣದ ನಾಶಕ್ಕೂ ಲೋಕದ ಕೊನೆಗೂ ನಡುವೆ ಅನ್ಯಜನರ ಕಾಲ ಎಂಬ ಅಳತೆಯಿಲ್ಲದ ಅವಧಿಯೊಂದನ್ನು ಇಟ್ಟ. ದೇವಾಲಯ ಬಿತ್ತು, ಲೋಕ ಬೀಳಲಿಲ್ಲ. ಅದಕ್ಕೊಂದು ಜಾಗ ಮಾಡಲೇಬೇಕಿತ್ತು.

ನಮ್ಮ ಕಾಲಜ್ಞಾನ ಓದಿದವರಿಗೆ ಈ ಜಾಡು ಹೊಸತಲ್ಲ. 1565ರಲ್ಲಿ ರಕ್ಕಸ-ತಂಗಡಿ ಯುದ್ಧ ಮುಗಿದು ವಿಜಯನಗರ ಹಾಳಾಯಿತು. ಅದಾದ ಮೇಲೆ ಬೆಳೆದ ಕಾಲಜ್ಞಾನ ಬರಹಗಳಲ್ಲಿ ಆಗಿಹೋದ ಪತನವೇ ಮುಂದೆ ಆಗಲಿರುವುದೆಂಬಂತೆ ಬರುತ್ತದೆ. ಅದು ನಿಜವಾದ ಮೇಲೆ, ಇನ್ನೂ ಆಗದ ವೀರವಸಂತರಾಯನ ಬರವೂ ನಿಜವಾಗುತ್ತದೆ ಎಂಬ ಭರವಸೆ. ಮೋಸ ಎಂದು ಮೂಗು ಮುರಿಯುವವರು ರಾಯಚೂರು ದೋಆಬ್‌ನ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಎರಡು ನದಿಗಳ ನಡುವಿನ ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದೂ ಹೆಚ್ಚು ಕಾಲ ಉಳಿಯಲಿಲ್ಲ. ಬಿದ್ದ ರಾಜಧಾನಿಯನ್ನು ಕಂಡವರಿಗೆ ಚರಿತ್ರೆ ಬರೆಯುವುದಕ್ಕಿಂತ ಭವಿಷ್ಯ ಬರೆಯುವುದು ಹೆಚ್ಚು ಬೇಕಾಗಿತ್ತು.

ಸುವಾರ್ತೆಗಳು ಕಾಲಜ್ಞಾನದಿಂದ ಬೇರೆಯಾಗುವ ಜಾಗವೂ ಇದೆ, ನನಗೆ ಹೆಚ್ಚು ಹಿಡಿಸುವುದು ಅದೇ. ಈ ಪೀಳಿಗೆ ಅಳಿಯದು ಎಂದು ಬರೆದ ಮಾರ್ಕ ಒಂದೇ ವಚನ ಬಿಟ್ಟು, ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು, ದೂತರಿಗೂ ಇಲ್ಲ, ಮಗನಿಗೂ ಇಲ್ಲ, ತಂದೆಗೆ ಮಾತ್ರ ಎಂದು ಬರೆಯುತ್ತಾನೆ. ದೇವರ ಮಗನಿಗೇ ಗೊತ್ತಿಲ್ಲ! ಮುಂದಿನ ಶತಮಾನಗಳ ಧರ್ಮಪಂಡಿತರಿಗೆ ಈ ಮಾತು ಬಿಸಿತುಪ್ಪವಾಯಿತು. ಆದರೂ ಅದು ಉಳಿಯಿತು. ಯೋಹಾನನ 21ನೇ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಯೇಸುವಿನ ಮೆಚ್ಚಿನ ಶಿಷ್ಯ ಸಾಯುವುದಿಲ್ಲ ಎಂಬ ಸುದ್ದಿ ಸಭೆಯಲ್ಲಿ ಹಬ್ಬಿತ್ತಂತೆ. ಯೇಸು ಹಾಗೆ ಹೇಳಿರಲಿಲ್ಲ, ನಾನು ಬರುವ ತನಕ ಇವನು ಇರಬೇಕೆಂದು ನನಗಿದ್ದರೆ ನಿನಗೇನು ಎಂದು ಪೇತ್ರನನ್ನು ಕೇಳಿದ್ದನಷ್ಟೇ ಎಂದು ಬರಹಗಾರ ತಿದ್ದುತ್ತಾನೆ. ಆ ಶಿಷ್ಯ ತೀರಿಕೊಂಡು ಊರೆಲ್ಲ ಕಂಗಾಲಾಗಿದ್ದ ಹೊತ್ತಿನ ಸಮಜಾಯಿಷಿ ಇದು ಎನ್ನುವವರ ಮಾತು ನನಗೂ ಸರಿ ಕಾಣುತ್ತದೆ.

ತಡವಾದದ್ದನ್ನು ಸುಮ್ಮನೆ ಅಳಿಸಿಬಿಡಬಹುದಿತ್ತು. ಈಡೇರದ ಮಾತು ತೆಗೆದು ಹೊಸ ಪ್ರತಿ ಬರೆಸುವುದು ಕಷ್ಟವೇನಲ್ಲ. ಅವರು ಹಾಗೆ ಮಾಡದೆ ಕಾಯುವ ಬಗೆಯನ್ನೇ ಬೋಧನೆಯ ವಿಷಯ ಮಾಡಿಕೊಂಡರು. ಮತ್ತಾಯನ 24, 25ನೇ ಅಧ್ಯಾಯಗಳ ಸಾಮತಿಗಳಲ್ಲಿ ಯಜಮಾನ ತಡಮಾಡುತ್ತಾನೆ, ಮದಲಿಂಗ ತಡಮಾಡುತ್ತಾನೆ. ಪ್ರಶ್ನೆ ಇರುವುದು ಕಾಯುವ ಆಳಿನ ನಡತೆಯ ಮೇಲೆ, ಮದಲಿಂಗನಿಗಾಗಿ ದೀಪ ಹಿಡಿದು ಕಾದವರ ಎಣ್ಣೆಯ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆ ನೀರು ಬಿಡುವ ತಾರೀಖು ಹೇಳುತ್ತದೆ, ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಗೇಜ್ ಏರುವುದು ಯಾವಾಗ ಎಂದು ಯಾರೂ ಹೇಳುವುದಿಲ್ಲ. ಸಸಿಮಡಿ ಮಾತ್ರ ಸಿದ್ಧವಿರಲೇಬೇಕು. 25ನೇ ಅಧ್ಯಾಯದ ಕೊನೆಗೆ ತೀರ್ಪಿನ ದಿನ ಬಂದಾಗ ಕೇಳುವುದೂ ಭವಿಷ್ಯ ಎಷ್ಟು ಸರಿಯಾಗಿ ಲೆಕ್ಕ ಹಾಕಿದೆ ಎಂದಲ್ಲ. ಹಸಿದವರಿಗೆ ಅನ್ನ ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ನೋಡಲು ಹೋದೆಯಾ ಎಂದು.

ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಯೇಸು ಲೋಕಾಂತ್ಯ ನಿರೀಕ್ಷಿಸಿದ, ಅದು ಬರಲಿಲ್ಲ ಎಂದು ಆಲ್ಬರ್ಟ್ ಶ್ವೈಟ್ಸರ್ 1906ರಲ್ಲಿ ಬರೆದು ಬಿರುಗಾಳಿ ಎಬ್ಬಿಸಿದ. ದೇವರ ರಾಜ್ಯ ಯೇಸುವಿನೊಂದಿಗೇ ಬಂದಾಗಿತ್ತು ಎಂದು ಸಿ.ಎಚ್. ಡಾಡ್ 1935ರಲ್ಲಿ ವಾದಿಸಿದ. ನನ್ನ ಒಲವು ಶ್ವೈಟ್ಸರ್ ಕಡೆಗೆ. ಡಾಡ್ ಓದಿದರೆ ಸಮಾಧಾನವಾಗುತ್ತದೆ, ಆದರೆ ಥೆಸಲೋನಿಕದವರ ಅಳು ಅದರಲ್ಲಿ ಕೇಳಿಸುವುದಿಲ್ಲ.

ತಾರೀಖಿನ ಲೆಕ್ಕ ಹಾಕುವವರು ಮಾತ್ರ ಎಲ್ಲ ಕಾಲದಲ್ಲೂ ಬಂದರು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಹಿಂಬಾಲಕರು 1844ರ ಅಕ್ಟೋಬರ್ 22ರಂದು ಯೇಸು ಬರುತ್ತಾನೆಂದು ಕಾದರು, ಅವರಲ್ಲಿ ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಮರುದಿನ ಎಂದಿನಂತೆ ಬೆಳಗಾಯಿತು. ಈಗ ಆ ಕೆಲಸ ಮೊಬೈಲಿನಲ್ಲಿ ನಡೆಯುತ್ತದೆ. ಯುದ್ಧವೋ ಗ್ರಹಣವೋ ಬಂದರೆ ಸಾಕು, ಬೈಬಲ್ಲಿನ ವಚನ, ಕಾಲಜ್ಞಾನದ ಸಾಲು, ಒಂದು ತಾರೀಖು ಸೇರಿಸಿದ ವಿಡಿಯೊ ಮನೆಮನೆ ತಲುಪುತ್ತದೆ. ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಯಾರಾದರೂ ನಿಮಗೆ ಅಂಥ ತಾರೀಖು ಕಳಿಸಿದರೆ ಮಾರ್ಕನ 13ನೇ ಅಧ್ಯಾಯ 32ನೇ ವಚನ ತೆಗೆದು ತೋರಿಸಿ. ಮುಂದಕ್ಕೆ ಕಳಿಸಬೇಡಿ.