ನಮ್ಮ ಬಚ್ಚಲಿಗೊಂದು ಪೆಲೆಟ್ ಒಲೆ

ಸಕಲೇಶಪುರದ ಹತ್ತಿರ ಮನೆ ಅಂದ ಕೂಡಲೇ ಬೆಂಗಳೂರಿನ ಸಹೋದ್ಯೋಗಿಗಳು ಕೇಳೋದು 'ಹೋಂಸ್ಟೇನಾ?' ಅಂತ. ಅಲ್ಲ ಮಾರಾಯ್ರೇ, ವಾಸದ ಮನೆ. ಮಳೆಗಾಲ ಬಂತೆಂದರೆ ಒದ್ದೆ ಸೌದೆ, ಹೊಗೆ, ಅಮ್ಮನ ಕೆಮ್ಮು ಮೂರೂ ಒಟ್ಟಿಗೆ ಇರುವ ಮನೆ.

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದ ಮೇಲೆ ಬೆಳಗಿನ ಮೀಟಿಂಗ್‌ಗಳಲ್ಲಿ ಆ ಕೆಮ್ಮು ನನಗಿಂತ ಜೋರಾಗಿ ಕೇಳಿಸತೊಡಗಿತು. ಆಗ ಪೆಲೆಟ್ ಒಲೆ ಹುಡುಕಲು ಕೂತೆ. ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಪೆನ್ಸಿಲ್ ದಪ್ಪದ ತುಂಡು. ಇಟಲಿ ಕಡೆಯ ಗಾಜಿನ ಬಾಗಿಲಿನ ಹೀಟರುಗಳು ನೋಡೋಕೆ ಚೆಂದ. ಆದರೆ ಪೆಲೆಟ್ ತಳ್ಳಲು ಮೋಟಾರ್, ಊದಲು ಫ್ಯಾನ್, ಎಲ್ಲಕ್ಕೂ ಕರೆಂಟ್ ಬೇಕು. ಲೈನ್ ಮೇಲೆ ಮರ ಬಿದ್ದರೆ ನಮಗೆ ಎರಡು ದಿನ ಕತ್ತಲೆ. ಗೀಸರ್ ಯಾಕೆ ಬೇಡ ಅನ್ನೋದಕ್ಕೂ ಇದೇ ಉತ್ತರ. ಸೋಲಾರ್‌ಗೆ ಆಷಾಢದಲ್ಲಿ ಬಿಸಿಲೇ ಇಲ್ಲ.

ಅಡುಗೆಗೆ ಗ್ಯಾಸ್ ಇದೆ, ಹೊಗೆಯೆಲ್ಲ ಬಚ್ಚಲ ಹಂಡೆಯದು. ಹಾಗಾಗಿ ಹಂಡೆಯ ಕೆಳಗೆ ಕೂರುವ, ಪುಟ್ಟ ಫ್ಯಾನ್ ಇರುವ ಒಲೆ ಸಾಕು ಅನ್ನಿಸಿತು.

ಇದೇನೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗ ಚಿಮಣಿಯಿರುವ ಅಸ್ತ್ರ ಒಲೆ ಕೊಟ್ಟಿತು. ಅದೇ ಸಂಸ್ಥೆಯ ತಂತ್ರಜ್ಞಾನದಿಂದ 2006ರ ಹೊತ್ತಿಗೆ ಪೆಲೆಟ್ ಉರಿಸುವ 'ಊರ್ಜಾ' ಒಲೆ ಮಾರುಕಟ್ಟೆಗೆ ಬಂತು. ಆಮೇಲೆ ಪೆಲೆಟ್ ಬೆಲೆ ಏರಿತು, ಎಷ್ಟೋ ಮನೆಗಳಲ್ಲಿ ಒಲೆ ಮೂಲೆ ಸೇರಿತು. ಹಾಗಾಗಿ ನಾನು ಮೊದಲು ಪೆಲೆಟ್ ಎಲ್ಲಿ ಸಿಗುತ್ತೆ ಅಂತ ಹುಡುಕಿ, ಆಮೇಲೆ ಒಲೆ ಕೊಂಡೆ.

ಕೂರಿಸುವಾಗ ತಪ್ಪು ಮಾಡಿದ್ದು ನಾನೇ. ಹೆಂಚು ತೆಗೆಯೋದು ಬೇಡ ಅಂತ ಹೊಗೆ ಪೈಪನ್ನು ಪಡುವಣ ಗೋಡೆಯಿಂದ ಹೊರಗೆ ಬಿಡಿಸಿದೆ. ಮುಂಗಾರಿನ ಗಾಳಿ ಬೀಸೋದೇ ಆ ದಿಕ್ಕಿನಿಂದ! ಜೂನ್‌ನ ಮೊದಲ ಮಳೆಗೆ ಹೊಗೆಯೆಲ್ಲ ವಾಪಸ್ ಬಚ್ಚಲಿಗೇ ಬಂತು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ, "ಇದಕ್ಕೆ ದುಡ್ಡು ಬೇರೆ ಕೊಟ್ಯಾ?" ಅಂದಳು. ಕೊನೆಗೆ ಗಾರೆಯವರು ಬಂದು ಹೆಂಚು ಸರಿಸಿ, ಪೈಪನ್ನು ಮಾಡಿನ ನೆತ್ತಿಗಿಂತ ಎತ್ತರಕ್ಕೆ ಒಯ್ದು ಟೋಪಿ ಹಾಕಿದರು. ಪೈಪಿನ ಸುತ್ತ ತಗಡು ಹೊದಿಸದಿದ್ದರೆ ಅಲ್ಲಿಂದಲೇ ನೀರು ಸೋರುತ್ತೆ, ನೆನಪಿರಲಿ. ಬಚ್ಚಲ ಗವಾಕ್ಷಿ ಮಾತ್ರ ಮುಚ್ಚಬೇಡಿ. ಹೊಗೆ ಕಾಣಿಸದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರಬಹುದು, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ಅಂತ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವುದಂತೂ ಬೇಡವೇ ಬೇಡ.

ಫ್ಯಾನ್ 12 ವೋಲ್ಟಿನದು. ವೈಫೈ ರೂಟರ್‌ಗೆ ಇಟ್ಟುಕೊಳ್ಳುತ್ತೇವಲ್ಲ, ಅಂಥದ್ದೇ ಇನ್ನೊಂದು ಮಿನಿ ಯುಪಿಎಸ್‌ನಲ್ಲಿ ಓಡುತ್ತೆ.

ನಿಜವಾದ ತಲೆನೋವು ಪೆಲೆಟ್‌ನದು. ಮೊದಲ ಚೀಲವನ್ನು ಅಟ್ಟದ ಮೇಲಿಟ್ಟಿದ್ದೆ. ನಮ್ಮ ಥಂಡಿಗೆ ತೇವ ಎಳೆದುಕೊಂಡು ಉಬ್ಬಿ, ಮತ್ತೆ ಹೊಟ್ಟೇ ಆಗಿಬಿಟ್ಟಿತು. ಈಗ ಮುಚ್ಚಳ ಬಿಗಿಯುವ ನೀಲಿ ಡ್ರಮ್‌ನಲ್ಲಿ ಇಡುತ್ತೇವೆ. ಕೊಳ್ಳುವಾಗ ಒಂದನ್ನು ಮುರಿದು ನೋಡಿ, ಟಪ್ ಅಂತ ಮುರಿಯಬೇಕು. ಕಾಫಿ ಹೊಟ್ಟಿನ ಪೆಲೆಟ್ ನಮ್ಮೂರಿನದೇ ಅಂತ ಆಸೆಪಟ್ಟು ತಂದೆ. ಅದರಲ್ಲಿ ಪೊಟ್ಯಾಷ್ ಜಾಸ್ತಿ, ಬೂದಿ ಕರಗಿ ಕಿಟ್ಟ ಕಟ್ಟುತ್ತೆ. ದಿನಾ ಕೆರೆಯೋ ತಾಳ್ಮೆ ನನಗಿಲ್ಲ. ಮರದ ಹೊಟ್ಟಿನದಕ್ಕೇ ಬಂದೆ.

ಲೆಕ್ಕ ಹೀಗೆ: 40 ಲೀಟರ್ ನೀರನ್ನು 25 ಡಿಗ್ರಿ ಏರಿಸಲು 1,000 ಕಿಲೋಕ್ಯಾಲರಿ ಬೇಕು. ಒಲೆಯ ಶಾಖದಲ್ಲಿ ನೀರಿಗೆ ಸೇರುವುದು ಶೇ. 40 ಅಂತಿಟ್ಟುಕೊಳ್ಳಿ. ಕಿಲೋಗೆ 4,000 ಕಿಲೋಕ್ಯಾಲರಿಯ ಪೆಲೆಟ್ ಆದರೆ ಮುಕ್ಕಾಲು ಕಿಲೋ ಒಳಗೇ ಮುಗಿಯುತ್ತೆ. ತೋಟದ ಸೌದೆ ಬಿಟ್ಟಿ, ಇದಕ್ಕೆ ದುಡ್ಡು ಕೊಡಬೇಕು ಅನ್ನೋದು ಅಪ್ಪನ ತಕರಾರು. ಅದೂ ನಿಜವೇ.

ಅಮ್ಮನ ದೂರು ಬೇರೆ. ಹಳೇ ಒಲೆಯ ಕೆಂಡ ಮಧ್ಯಾಹ್ನದವರೆಗೂ ಇರುತ್ತಿತ್ತು, ಅದರ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುತ್ತಿದ್ದವು. ಇದು ನೀರು ಕಾಯಿಸಿ ತಣ್ಣಗಾಗಿಬಿಡುತ್ತೆ. "ಕೆಮ್ಮು ಕಮ್ಮಿಯಾಯ್ತು ಕಣೇ, ಆದ್ರೆ ನಿಮ್ಮಪ್ಪನ ಪಂಚೆ ಎಲ್ಲಿ ಒಣಗಿಸ್ಲಿ?" ಸದ್ಯಕ್ಕೆ ಪಂಚೆ ನನ್ನ ಆಫೀಸ್ ಕುರ್ಚಿಯ ಬೆನ್ನಿನ ಮೇಲಿದೆ. ವಿಡಿಯೊ ಕಾಲ್‌ನಲ್ಲಿ ಅದೂ ಕಾಣಿಸುತ್ತೆ.